ಬೀಸುಕಲ್ಲಿನ ಗೂಟ

ಆಗಿನ್ನೂ ಭಾಲ್ಕಿಯ ನಮ್ಮ ಓಣಿಗೆ ಹಿಟ್ಟಿನ ಗಿರಣಿ ಬಂದಿರಲಿಲ್ಲ. ಬೀಸುಕಲ್ಲಿನ ಸಪ್ಪಳಕ್ಕೇ ಎಲ್ಲರಿಗೂ ಎಚ್ಚರ. ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಆ ಚಳಿಗಾಲ ಸಾಲಿಗೆ ಹೊಸ ಪುಸ್ತಕ ಬಂದವು, ಮನೆಗೆ ಕಮಳಾ ಬಂದಳು.

ಕಮಳಾ ನನ್ನ ಸೋದರಮಾವನ ಮಗಳು. ರಜಾಕಾರರ ಗಡಬಡಿಯಲ್ಲಿ ಮಾವ ಔರಾದ ಕಡೆಯ ಊರು ಬಿಟ್ಟು, ಅವ್ವನ ತಾಯಿ, ನಮ್ಮ ಆಯಿಯನ್ನೂ ಬಂಡಿಯಲ್ಲಿ ಕೂಡಿಸಿಕೊಂಡು ಸೊಲ್ಲಾಪುರಕ್ಕೆ ಹೋಗಿದ್ದ. ಆಯಿ ಅಲ್ಲೇ ತೀರಿಕೊಂಡಳು. ಅವ್ವನಿಗೆ ತಾಯಿಯ ಮುಖ ನೋಡಲೂ ಸಿಗಲಿಲ್ಲ. ಈಗ ಮಾವ ಬಿಟ್ಟುಹೋದ ಹೊಲ ಕೇಳಲು ಔರಾದಕ್ಕೆ ಹೊರಟು, ಮಗಳನ್ನು ನಮ್ಮಲ್ಲಿ ಬಿಟ್ಟಿದ್ದ.

ಬೀಸುವಾಗ ಅವ್ವನ ಎದುರಿನ ಜಾಗ ನನ್ನದು. ಒಂದೇ ಗೂಟಕ್ಕೆ ಇಬ್ಬರ ಕೈ. ಅವಳ ಬಳೆ ನನ್ನ ಮಣಿಕಟ್ಟಿಗೆ ತಾಗುತ್ತಿತ್ತು, ಜೋಳದ ಬಿಸಿ ಹಿಟ್ಟು ಘಮ್ಮೆನ್ನುತ್ತಿತ್ತು. ಬಂದ ಮರುದಿನವೇ ಕಮಳಾ ಆ ಜಾಗದಲ್ಲಿ ಕೂತು ದನಿ ತೆಗೆದಳು:

ಔರಾದ ಹಾದ್ಯಾಗ ಬಾರಿಯ ಗಿಡವದ
ಹಣ್ಣು ತಿಂದೇನ ಗಿಳಿರಾಮ | ನಮ ಮನಿಯ
ಬಾಗಿಲ ಯಾರು ತೆರದಾರ

ಅವ್ವನ ಕೈ ನಿಂತಿತು. "ಇದು ನಮ್ಮವ್ವನ ದನಿ."

"ಹೌದ್ರಿ ಅತ್ತಿ. ಆಯಿ ಅಲ್ಲಿ ಬೀಸ್ಕೋತ ಕಟ್ಟಿದ ಪದ. ಒಬ್ಬೊಬ್ಬರ ಮ್ಯಾಲ ಒಂದೊಂದು ಅದಾವ."

ಅಂದಿನಿಂದ ಕೆನೆಮೊಸರು ಕಮಳಾಗೆ, ಮೊದಲ ಹೆರಳು ಕಮಳಾಗೆ. ನನಗೆ, "ನೀ ಜೋಳ ಹಸನ ಮಾಡು ಹೋಗು."

ಕುಂಟಲಪಿ ಆಡುವಾಗ ಅವಳು ಕೇಳಿದಳು, "ಶಾಂತಿ, ಆಯಿ ಮಾರಿ ಹ್ಯಾಂಗಿತ್ತು, ಗೊತ್ತದೇನ ನಿನಗ?"

"ನಾ ಸಣ್ಣಾಕಿದ್ದಾಗ ಎತ್ತಿ ಆಡಿಸ್ಯಾಳ."

"ಆಕಿ ನೋಡ್ಯಾಳ. ನೀ ನೋಡಿಲ್ಲಲ್ಲ!"

ಒಂದು ಸಂಜೆ ಕಮಳಾ ಅವ್ವನಿಗೆ ಹೇಳಿದಳು, "ಅತ್ತಿ, ನಿಮ್ಮ ಮ್ಯಾಲಿಂದು ಎಲ್ಲಕ್ಕೂ ಕಡಿಗಿಂದು. ನಾಳಿಗಿ ಹಾಡ್ತೇನಿ." ಅವ್ವ ಅವಳ ಗಲ್ಲ ಹಿಡಿದು ಲಟಿಕೆ ಮುರಿದಳು. ನನ್ನ ಕಡೆ ನೋಡಲೂ ಇಲ್ಲ. ಅವರು ಒಲೆಯ ಮುಂದಿದ್ದಾಗ ಗೂಟ ಕಿತ್ತುಕೊಂಡು ಹೋಗಿ ಹಿತ್ತಲಿನ ಜೋಳದ ಕಣಕಿ ಬಣಿವೆಯೊಳಗೆ ಮೊಳಕೈತನಕ ತೂರಿಸಿದೆ.

ಬೆಳಿಗ್ಗೆ ಮನೆಯೆಲ್ಲ ಹುಡುಕಿದ್ದಾಯಿತು. "ಇರಲಿ, ಹಂಗೇ ಹಾಡವ್ವ," ಎಂದಳು ಅವ್ವ.

"ಕೈ ತಿರಗಲಾರ್ದ ಬಾಯಿಗಿ ಬರಂಗಿಲ್ರಿ ಅತ್ತಿ."

ಅವ್ವ ಅವಳ ಕೈಹಿಡಿದು ಬರೀ ಗಾಳಿಯಲ್ಲೇ ತಿರುಗಿಸಿದಳು. "ಭಾಲ್ಕಿಗಿ ಕೊಟ್ಟೇನ ಬಾಳಿಯ ಸುಳಿಯಂಥ..." ಅಷ್ಟು ಬಂತು. ಮುಂದೆ ಬರಲಿಲ್ಲ.

"ಮಧ್ಯಾಹ್ನ ಬಾಜೂ ಮನಿ ಕಲ್ಲಿಗಿ ಕೂಡಮ್ಯಾ," ಎಂದಳು ಅವ್ವ. ಅಷ್ಟರಲ್ಲಿ ಮಾವ ಬಂದ. ಹೊಲದಲ್ಲಿ ಬೇರೆಯವರ ಜೋಳ ನಿಂತಿತ್ತಂತೆ. ನೀರೂ ಕುಡಿಯದೆ ಮಗಳನ್ನು ಕರೆದುಕೊಂಡು ಬಸ್ಸಿಗೆ ಹೋದ. ನನಗೆ ಒಳಗೊಳಗೇ ಖುಷಿ.

ಬೇಸಿಗೆಯಲ್ಲಿ ಬಣಿವೆ ಕರಗಿ ಗೂಟ ಅವ್ವನ ಕೈಗೇ ಸಿಕ್ಕಿತು. ಧೂಳು ಒರೆಸಿ ಗೋಡೆಯ ಮಾಡದಲ್ಲಿಟ್ಟಳು. ಬೈಯಲಿಲ್ಲ.

ಎಷ್ಟೋ ವರ್ಷದ ಮೇಲೆ ಒಂದು ಮದುವೆಯಲ್ಲಿ ಕಮಳಾ ಸಿಕ್ಕಾಗ ಅವ್ವನ ಮೇಲಿನ ಆ ಪದದ ಮುಂದಿನ ಸಾಲು ಕೇಳಿದೆ. "ಕಲ್ಲು ಮುಟ್ಟಿ ಯಾವ ಕಾಲಾತು! ನೆನಪಿಲ್ಲವ್ವ," ಎಂದು ನಕ್ಕಳು. ಆಯಿಯ ಪದ ಹಾಡಿದ್ದ ಆ ಬಾಯಿ ನೋಡಿ, ಆಗಲೂ ನನಗೆ ಹೊಟ್ಟೆಕಿಚ್ಚೇ ಆಯಿತು.

ಕೊನೆಗಾಲದಲ್ಲಿ ಅವ್ವ ಹಾಸಿಗೆಯಲ್ಲಿ ಕೂತು ಆ ಒಂದೇ ಸಾಲು ಗುನುಗುವಳು. ಬಲಗೈ ತೊಡೆಯ ಮೇಲೆ ಸುತ್ತುತ್ತಿತ್ತು. ನಾನು ಎದುರು ಕೂತು ಅದರ ಮೇಲೆ ಕೈ ಇಟ್ಟೆ. ನನ್ನ ಜಾಗ ನನಗೆ ಸಿಕ್ಕಿತ್ತು. ಅವ್ವ "ಬಾಳಿಯ ಸುಳಿಯಂಥ" ಎಂದು ನಿಲ್ಲಿಸಿ, ಮುಂದಿನದನ್ನು ನಾನು ಹೇಳಲೆಂದು ನನ್ನ ಮುಖವನ್ನೇ ನೋಡುತ್ತಿದ್ದಳು.