ಅತ್ತೆಯ ಬಾಲ್ಕನಿ ಕುರ್ಚಿ

ನಮ್ಮಂಥ ಬ್ಯಾಂಕಿನವರ ಮನೆಗಳಿಗೆ ಒಂದು ಕೆಟ್ಟ ಚಟ. ಯಾವ ಸಾಮಾನಿನ ಪ್ಯಾಕಿಂಗನ್ನೂ ಪೂರ್ತಿ ಬಿಚ್ಚುವುದಿಲ್ಲ. ಹೇಗೂ ಮೂರು ವರ್ಷಕ್ಕೆ ಮತ್ತೆ ಟ್ರಾನ್ಸ್‌ಫರ್, ಮತ್ತೆ ಲಾರಿ. ಬಿಚ್ಚಿ ಮತ್ತೆ ಕಟ್ಟುವ ಉಸಾಬರಿ ಯಾರಿಗೆ ಬೇಕು? ಧಾರವಾಡ ಬಿಟ್ಟ ಮೇಲೆ ನಾನೂ ಇದರಲ್ಲಿ ಪಳಗಿಬಿಟ್ಟೆ. ವಿಜಯವಾಡದ ಗವರ್ನರ್‌ಪೇಟೆಯಲ್ಲಿ ಅತ್ತೆಗೆಂದು ಕೊಂಡ ಕಬ್ಬಿಣದ ಕೈಕುರ್ಚಿಯ ಕಾಲುಗಳಿಗೆ ಅಂಗಡಿಯವನು ಸುತ್ತಿದ್ದ ಪ್ಲಾಸ್ಟಿಕ್ ಹಾಗೇ ಇತ್ತು. ಬಣ್ಣ ಹೋಗಬಾರದೆಂದು ಅದರ ಮೇಲೆ ನಾನು ಟೇಪು ಬೇರೆ ಸುತ್ತಿದ್ದೆ. ಏನು ಜಾಣತನ!

ಅತ್ತೆಗೆ ಮೊಣಕಾಲು ನೋವು. ನೆಲಕ್ಕೆ ಕೂತರೆ ಏಳಲಾರರು. ಆ ಕುರ್ಚಿ ಇದ್ದರೆ ಮಾತ್ರ ಅವರಿಗೆ ಹೊರಗಿನ ಗಾಳಿ, ನಾಲ್ಕು ಜನರ ಮುಖ. ಸಂಜೆಯಾದರೆ ಬಾಲ್ಕನಿಯಲ್ಲಿ ಕೂತು, ಬಾರದ ತೆಲುಗಿನಲ್ಲಿ ಎದುರು ಮನೆಯಾಕೆಯನ್ನು "ಇವತ್ತೇನು ಪಲ್ಯ?" ಎಂದು ವಿಚಾರಿಸುತ್ತಿದ್ದರು. ನಮ್ಮ ಮನೆಯವರಿಗೆ ವಿಶಾಖಪಟ್ಟಣಕ್ಕೆ ವರ್ಗವಾಗಿ ಎಂವಿಪಿ ಕಾಲೋನಿಗೆ ಬಂದ ಮೇಲಂತೂ, ಸಮುದ್ರದ ಗಾಳಿ ಬೇರೆ, ಅತ್ತೆ ಒಳಗೆ ಬರುತ್ತಲೇ ಇರಲಿಲ್ಲ.

ಇಲ್ಲಿನ ಎರಡನೆಯ ಮಳೆಗಾಲ ಮುಗಿದಾಗ ಒಂದು ದಿನ ಅಂದರು: "ಕುರ್ಚಿ ಅಳ್ಳಾಡಾಕತ್ತೈತಿ, ನೋಡವಾ."

ಬಗ್ಗಿ ನೋಡಿದೆ. ಟೇಪು ಸುತ್ತಿದ ಹಾಗೇ ಇತ್ತು. "ಕುರ್ಚಿ ಗಟ್ಟಿ ಐತ್ರೀ ಅತ್ತೀ. ಅಳ್ಳಾಡೂದು ನಿಮ್ಮ ಮೊಣಕಾಲು," ಎಂದು ನಕ್ಕೆ. ಅವರು ನಗಲಿಲ್ಲ.

ಮುಂದಿನ ವಾರ ಕುರ್ಚಿಯ ಹಿಂದಿನ ಕಾಲು ಮುರಿದು ಅತ್ತೆ ಗೋಡೆಗೆ ಒರಗಿ ಬಿದ್ದರು. ಪುಣ್ಯಕ್ಕೆ ಮೂಳೆಗೆ ಏನೂ ಆಗಿರಲಿಲ್ಲ. ಆದರೆ ಧೈರ್ಯ ಹೋಗಿಬಿಟ್ಟಿತು. "ನನಗ ಹೊರಗ ಬ್ಯಾಡ" ಎಂದು ಮೂರು ವಾರ ಕೋಣೆ ಬಿಟ್ಟು ಬರಲಿಲ್ಲ. ನನ್ನ ನಾಲಿಗೆ ಸೇದಿಹೋಗಲಿ ಎಂದು ದಿನಕ್ಕೆ ಹತ್ತು ಸಲ ನನ್ನನ್ನೇ ಬೈದುಕೊಂಡೆ. ಅವರ ಮುಂದೆ ಮಾತ್ರ ತಪ್ಪಾಯಿತೆನ್ನಲು ಬಾಯಿ ಬರಲಿಲ್ಲ.

ಕಾಲೋನಿಯ ಬಡಗಿಯನ್ನು ಕರೆಸಿದೆ. ಅವನು ಪ್ಲಾಸ್ಟಿಕ್ ಹರಿದೊಡನೆ ತುಕ್ಕಿನ ಕೆಂಪು ಪುಡಿ ಬೊಗಸೆಯಷ್ಟು ಉದುರಿತು. "ಇಲ್ಲಿಯದು ಉಪ್ಪುಗಾಳಿ, ಅಮ್ಮಗಾರೂ. ಒಳಗೆ ಹೊಕ್ಕ ತೇವ ಆರಲು ನೀವು ಜಾಗವನ್ನೇ ಬಿಟ್ಟಿಲ್ಲ," ಎಂದು ತೆಲುಗಿನಲ್ಲಿ ಹೇಳಿ, "ಇದರ ಮೇಲೆ ಒಂದು ಸಲ ನೀವು ಕೂತು ನೋಡಲಿಲ್ಲವೇ?" ಎಂದ.

ನೋಡಿರಲಿಲ್ಲ. ನಮ್ಮಲ್ಲಿ ಸೊಸೆ ಅತ್ತೆಯ ಕುರ್ಚಿಯ ಮೇಲೆ ಕೂಡುವುದಿಲ್ಲ. ಅತ್ತೆ ಹಾಗೆಂದು ಯಾವತ್ತೂ ಹೇಳಿದವರಲ್ಲ. ನಮ್ಮವ್ವ ಕೂಡುತ್ತಿರಲಿಲ್ಲ, ನಾನೂ ಕೂಡಲಿಲ್ಲ, ಹೊಸ್ತಿಲ ಹತ್ತಿರ ಚಾಪೆ ಹಾಸಿಕೊಳ್ಳುತ್ತಿದ್ದೆ. ಒಂದೇ ಒಂದು ಸಲ ಕೂತಿದ್ದರೂ ಗೊತ್ತಾಗುತ್ತಿತ್ತು.

ಬಡಗಿ ತೇಗದ ಕುರ್ಚಿ ಮಾಡಿಕೊಟ್ಟ, ಹಿತ್ತಾಳೆಯ ಸ್ಕ್ರೂ ಹಾಕಿ. ಏನನ್ನೂ ಸುತ್ತಬೇಡಿ, ವಾರಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಉಪ್ಪು ಒರೆಸಿ ಆರಲು ಬಿಡಿ, ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಅಗಸೆ ಎಣ್ಣೆ ತಿಕ್ಕಿ ಎಂದು ತಾಕೀತು ಮಾಡಿ ಹೋದ.

ಅತ್ತೆ ಬಾಲ್ಕನಿಯ ಬಾಗಿಲ ತನಕ ಬಂದು ಚೌಕಟ್ಟು ಹಿಡಿದು ನಿಂತರು.

"ಬರ್ರಿ ಅತ್ತೀ, ಗಟ್ಟಿ ಐತಿ."

"ಹಿಂದಕ್ಕೂ ಹಂಗ ಅಂದಿದ್ದಿ."

ಕುರ್ಚಿಯ ಬೆನ್ನಿನ ಮೇಲೆ ಕೈಯೂರಿ ಒತ್ತಿ ತೋರಿಸಿದೆ.

"ಮೊದಲ ನೀ ಕೂಡು," ಅಂದರು. ನಾನು ಹಿಂದೆ ಮುಂದೆ ನೋಡಿದೆ. "ಕೂಡು ಅಂದೆ."

ಕೂತೆ. ಪೂರ್ತಿ ಭಾರ ಬಿಟ್ಟು ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿ ತೋರಿಸಿದೆ. ಕುರ್ಚಿ ಕದಲಲಿಲ್ಲ. ನನಗೇ ಅಳು ಬಂತು. "ತಪ್ಪಾತ್ರೀ ಅತ್ತೀ. ಅವತ್ತ ನಿಮ್ಮ ಮಾತು ಕೇಳಬೇಕಿತ್ತು."

ಅತ್ತೆ ಗೋಡೆ ಹಿಡಿದು ಒಂದೊಂದೇ ಹೆಜ್ಜೆ ಇಟ್ಟು ಹೊರಗೆ ಬಂದರು. ಕುರ್ಚಿಯ ಕೈ ಹಿಡಿದು ಅಲುಗಿಸಿ ನೋಡಿದರು. ನಾನು ಗಡಬಡಿಸಿ ಏಳಹೋದೆ. ಭುಜ ಒತ್ತಿ ಕೂರಿಸಿದರು.

"ಇಂಥಾದ್ದ ಇನ್ನೊಂದು ಮಾಡಾಕ ಹೇಳವಾ," ಅಂದರು. "ಇಲ್ಲಿ ಒಬ್ಬಾಕಿನ ಎಷ್ಟಂತ ಕೂಡ್ಲಿ ನಾ?"