ಬಸ್ಸಿನಡಿಯ ಎರಡು ಪೆಟ್ಟು

ಯಾರಾದರೂ ದೆವ್ವ ಕಂಡೆ ಎಂದರೆ, ಅವತ್ತು ಎಷ್ಟು ಕುಡಿದಿದ್ದೆ ಎಂದು ಕೇಳುತ್ತಿದ್ದವರ ಪೈಕಿ ನಾನು. ಮಧುಗಿರಿ ಬಸ್ ಸ್ಟ್ಯಾಂಡಿನಲ್ಲಿ ಡ್ರೈವರುಗಳು ಸೇರಿ ಹುಣಸೆಮರದ ಮೋಹಿನಿ, ದಾರಿಗಡ್ಡ ನಿಂತ ಬಿಳಿ ಸೀರೆ ಎಂದು ಶುರುಮಾಡಿದರೆ ಸಾಕು, ನಾನು ಬೀಡಿ ಕಡ್ಡಿಪೆಟ್ಟಿಗೆ ತೆಗೆದುಕೊಂಡು ಎದ್ದುಬಿಡುತ್ತಿದ್ದೆ. ಯಂತ್ರಗಳ ಜೊತೆ ಬದುಕಿದವನಿಗೆ ಪ್ರತಿಯೊಂದು ಸದ್ದಿಗೂ ಒಂದು ಕಾರಣ ಇದ್ದೇ ಇರುತ್ತದೆ ಎಂಬ ನಂಬಿಕೆ ಬೇರೂರಿಬಿಡುತ್ತದೆ. ಹೀಗಿರುವ ನಾನೇ ಇದನ್ನು ಬರೆಯಲು ಕೂತಿರುವುದು ನನಗೇ ಮುಜುಗರ. ಓದಿ ನಗುವವರು ನಗಲಿ, ನನ್ನದೇನೂ ತಕರಾರಿಲ್ಲ.

ಮಹಾರಾಜರ ಆಳ್ವಿಕೆಯ ಕೊನೆಯ ವರ್ಷಗಳು. ಯುದ್ಧ ನಡೆಯುತ್ತಿತ್ತು. ಪೆಟ್ರೋಲು ಸಿಗದೆ ಬಸ್ಸುಗಳೆಲ್ಲ ಹಿಂದುಗಡೆ ಇದ್ದಿಲಿನ ಒಲೆ ಕಟ್ಟಿಕೊಂಡು ಅದರ ಗ್ಯಾಸಿನಲ್ಲಿ ಓಡುತ್ತಿದ್ದವು. ನಾನು ಶಿರಾದ ಸಾಹುಕಾರರೊಬ್ಬರ ಬಸ್ಸಿಗೆ ಡ್ರೈವರ್. ಬೆಳಿಗ್ಗೆ ಶಿರಾ ಬಿಟ್ಟು ಮಧುಗಿರಿ, ಕೊರಟಗೆರೆ ಹಾದು ಮಧ್ಯಾಹ್ನಕ್ಕೆ ಹೊಳವನಹಳ್ಳಿ ಮುಟ್ಟುವುದು, ಅಲ್ಲಿ ಇದ್ದಿಲು ತುಂಬಿಕೊಂಡು ಹಿಂದಿರುಗುವುದು. ಬಸ್ಸಿನ ರಿಪೇರಿ ಕೆಲಸವನ್ನೆಲ್ಲ ನೋಡುತ್ತಿದ್ದವರು ಶಿರಾದ ಖಾದರ್ ಉಸ್ತಾದರು. ನನಗೆ ಸ್ಟಿಯರಿಂಗ್ ಹಿಡಿಯಲು ಕಲಿಸಿದವರೂ ಅವರೇ. ಹೆತ್ತ ತಂದೆಯ ಹತ್ತಿರ ನಾನು ಅಷ್ಟು ಬೈಸಿಕೊಂಡಿಲ್ಲ, ಅಷ್ಟು ಪ್ರೀತಿಯನ್ನೂ ಕಂಡಿಲ್ಲ.

ಆ ವರ್ಷ ಬಸ್ಸಿಗೆ ಒಂದು ಕಾಯಿಲೆ ಅಂಟಿಕೊಂಡಿತು. ನಿಂತ ಬಸ್ಸು ಹೊರಡುವಾಗ ಹಿಂಭಾಗದಲ್ಲಿ ದಡ್ ಎಂದು ಒಂದೇ ಒಂದು ಸದ್ದು. ಓಡತೊಡಗಿದ ಮೇಲೆ ಏನೂ ಇಲ್ಲ. ಮತ್ತೆ ಎಲ್ಲಿಯಾದರೂ ನಿಲ್ಲಿಸಿ ಹೊರಟರೆ ಮತ್ತೆ ದಡ್. ಜನ ತುಂಬಿದಾಗ ಮಾತ್ರ ಹೀಗೆ. ಖಾಲಿ ಬಸ್ಸು ಬೆಣ್ಣೆಯ ಹಾಗೆ ಹೊರಡುತ್ತಿತ್ತು.

ಉಸ್ತಾದರು ಮೊದಲು ಎಂಜಿನ್ನಿನಿಂದ ಹಿಂದಕ್ಕೆ ಹೋಗುವ ಉದ್ದನೆಯ ಶಾಫ್ಟನ್ನು ಕೈಯಲ್ಲಿ ಹಿಡಿದು ಅತ್ತಿತ್ತ ತಿರುವಿ ನೋಡಿದರು. ಜಾಯಿಂಟು ಸವೆದಿರಬಹುದೆಂದು ಬದಲಾಯಿಸಿದರು. ಸದ್ದು ಹೋಗಲಿಲ್ಲ. ಹಿಂದಿನ ಚಕ್ರಗಳ ನಡುವಿನ ಗೇರುಗಳ ಗುಂಡು ಬಿಚ್ಚಿ ಹಲ್ಲುಗಳನ್ನೆಲ್ಲ ಬೆರಳಲ್ಲಿ ಸವರಿ ನೋಡಿದರು. ಅಲ್ಲಿ ತಪ್ಪಿರಲಿಲ್ಲ. ಹಿಂದಿನ ಅಚ್ಚನ್ನು ಸ್ಪ್ರಿಂಗ್ ಪಟ್ಟಿಗಳಿಗೆ ಕಟ್ಟುವ ಬೋಲ್ಟುಗಳೂ ಹೊರಗಿನಿಂದ ಬಿಗಿಯಾಗಿಯೇ ಇದ್ದವು. ಕೊನೆಗೆ ಅವರು ಹೇಳಿದ್ದು ಒಂದೇ ಮಾತು: "ಜನ ಕೂತ್ಕಂಡಿರೋವಾಗ ಕೆಳಗೆ ನುಗ್ಗಿ ನೋಡ್ಬೇಕು ಬೇಟಾ. ಖಾಲಿ ಗಾಡೀಲಿ ಇದು ಸಿಕ್ಕಾಕಿಲ್ಲ."

ಸಾಹುಕಾರರು ಒಪ್ಪಲಿಲ್ಲ. "ನೀವು ಕೆಳಕ್ಕೆ ನುಗ್ಗೋದು ನೋಡಿದ್ರೆ ನಾಳೆಯಿಂದ ಯಾರು ಹತ್ತುತಾರೆ ಸಾಹೇಬ್ರೇ?" ಎಂದುಬಿಟ್ಟರು. ಉಸ್ತಾದರ ಕೈಚಳಕ ಹೋಯಿತು, ವಯಸ್ಸಾಯಿತು ಎಂದು ಸ್ಟ್ಯಾಂಡಿನಲ್ಲಿ ಮಾತು ಹಬ್ಬಿತು. ಬಸ್ಸನ್ನು ತುಮಕೂರಿಗೆ ಕಳಿಸಬೇಕೆಂದು ಸಾಹುಕಾರರು ಆಡಿದ್ದು ಅವರ ಕಿವಿಗೂ ಬಿತ್ತು. ಅಂದು ಉಸ್ತಾದರು ಕೈಯ ಗ್ರೀಸನ್ನು ಬಹಳ ಹೊತ್ತು ಒರೆಸುತ್ತ ಕೂತಿದ್ದರು. ಅದಾದ ಸ್ವಲ್ಪ ದಿನಕ್ಕೇ ಜ್ವರ ಬಂದು ತೀರಿಕೊಂಡರು. ಶಿರಾದ ಖಬರಸ್ತಾನದಲ್ಲಿ ನಾನೂ ಮೂರು ಹಿಡಿ ಮಣ್ಣು ಹಾಕಿ ಬಂದೆ. ಸದ್ದು ಮಾತ್ರ ಹಾಗೇ ಉಳಿಯಿತು. ಪ್ರತಿ ಸ್ಟಾಪಿನಲ್ಲೂ ಅದನ್ನು ಕೇಳಿದಾಗ ಅವರ ಹೆಸರಿಗೆ ಅಂಟಿದ ಆ ಮಾತು ನೆನಪಾಗಿ ಉರಿಯುತ್ತಿತ್ತು.

ಇಲ್ಲಿ ಅವರದೊಂದು ಕಟ್ಟಳೆಯನ್ನು ಹೇಳಬೇಕು. ಬಸ್ಸಿನಡಿ ಅವರು, ಸೀಟಿನಲ್ಲಿ ನಾನು ಇದ್ದಾಗ ಎಂಜಿನ್ ಗದ್ದಲದಲ್ಲಿ ಕೂಗಿದರೆ ಕೇಳಿಸುತ್ತಿರಲಿಲ್ಲ. ಅದಕ್ಕೇ ಸ್ಪ್ಯಾನರಿನಿಂದ ಚಾಸಿಗೆ, ಅಂದರೆ ಬಸ್ಸಿನ ತಳದ ಕಬ್ಬಿಣದ ಚೌಕಟ್ಟಿಗೆ, ಹೊಡೆಯುತ್ತಿದ್ದರು. ಒಂದು ಪೆಟ್ಟು ಬಿದ್ದರೆ ಕ್ಲಚ್ಚನ್ನು ನಿಧಾನವಾಗಿ ಬಿಟ್ಟು ಬಸ್ಸು ಕದಲಿಸಬೇಕು. ಎರಡು ಬಿದ್ದರೆ ಒತ್ತಿ ಹಿಡಿದ ಕಾಲು ಅಲ್ಲಾಡಬಾರದು. "ಎರಡು ಬಿತ್ತು ಅಂದ್ರೆ ನಿಮ್ಮಪ್ಪ ಬಂದು ಹೋಗು ಅಂದ್ರೂ ಕಾಲೆತ್ಬೇಡ. ಕೆಳಗೊಂದು ಜೀವ ಐತೆ" ಎನ್ನುತ್ತಿದ್ದರು. ಮೊದಲನೆಯದು ಜೋರು, ಒಂದು ಉಸಿರು ಬಿಟ್ಟು ಎರಡನೆಯದು ಮೆಲ್ಲಗೆ. ಹಾಗೆ ಹೊಡೆಯುವುದು ಅವರ ಅಭ್ಯಾಸ.

ಅವರು ಹೋದ ಮೇಲಿನ ಬೇಸಿಗೆ. ಹೊಳವನಹಳ್ಳಿಯಲ್ಲಿ ನೆತ್ತಿ ಸುಡುವ ಮಧ್ಯಾಹ್ನ. ಇದ್ದಿಲು ತುಂಬಿ, ಒಲೆ ಕಾವೇರುವವರೆಗೆ ಬಸ್ಸು ನಿಂತಿತ್ತು. ಜನ ಹತ್ತಿ ತುಂಬಿಕೊಂಡರು. ಕಂಡಕ್ಟರ್ ರಂಗಣ್ಣ ಮುಂದುಗಡೆ ಹ್ಯಾಂಡಲ್ ತಿರುವಿದ, ಎಂಜಿನ್ ಹಿಡಿಯಿತು, ಅವನು ಹತ್ತಿ ಸೀಟಿ ಊದಿದ. ನಾನು ಕ್ಲಚ್ ಒತ್ತಿ ಮೊದಲ ಗೇರಿಗೆ ಹಾಕಿದೆ. ಇನ್ನು ಕಾಲೆತ್ತಬೇಕು, ಅಷ್ಟರಲ್ಲಿ ಕೆಳಗಿನಿಂದ ಚಾಸಿಗೆ ಪೆಟ್ಟು ಬಿತ್ತು. ಒಂದು ಜೋರಾಗಿ. ಒಂದು ಉಸಿರು ಬಿಟ್ಟು, ಇನ್ನೊಂದು ಮೆಲ್ಲಗೆ.

ನನ್ನ ಕಾಲು ಕಲ್ಲಾಯಿತು. ಮನಸ್ಸಿಗೆ ಏನೂ ಹೊಳೆಯುವ ಮೊದಲೇ ಕಿಟಕಿಯಿಂದ ತಲೆ ಹಾಕಿ, "ಏನ್ ಉಸ್ತಾದ್ರೇ?" ಎಂದು ಕೂಗಿದ್ದೆ.

ರಂಗಣ್ಣ ನನ್ನ ಮುಖ ನೋಡಿದ. "ಯಾರ್ನ ಕರಿತಿದ್ದೀಯಣ್ಣ?"

ಆಗಲೇ ನನಗೆ ಅವರಿಲ್ಲ ಎಂಬುದು ನೆನಪಾದದ್ದು. "ಕೆಳಗೆ ಯಾರೋ ಅವ್ರೆ, ಇಳಿದು ನೋಡು" ಎಂದೆ. ಅವನು ಗೊಣಗುತ್ತಲೇ ಇಳಿದು ಬಗ್ಗಿದ. ಮರುಕ್ಷಣ ಅವನ ಗಂಟಲಿನಿಂದ ಬಂದ ಕೂಗು ಇನ್ನೂ ನನ್ನ ಕಿವಿಯಲ್ಲಿದೆ. "ಕಾಲೆತ್ಬೇಡ! ಮಗು! ಮಗು ಐತೆ!"

ಗೇರು ತೆಗೆದು, ಎಂಜಿನ್ ಆರಿಸಿ ಓಡಿದೆ. ಎಡಗಡೆಯ ಹಿಂದಿನ ಚಕ್ರದ ಮುಂದೆ, ಒಂದು ಗೇಣು ದೂರದಲ್ಲಿ, ಎರಡು ಮೂರು ವರ್ಷದ ಹೆಣ್ಣುಮಗು ತೋಳಿನ ಮೇಲೆ ಕೆನ್ನೆಯಿಟ್ಟು ನಿದ್ದೆ ಹೋಗಿತ್ತು. ರಂಗಣ್ಣನದು ದೊಡ್ಡ ದೇಹ, ತೂರಲಾರ. ನಾನೇ ಬೆನ್ನ ಮೇಲೆ ಮಲಗಿ ಒಳಗೆ ಜಾರಿ ಮಗುವನ್ನು ಎದೆಗೆ ಎಳೆದುಕೊಂಡೆ. ಆಗ ಕಣ್ಣು ಬಿಟ್ಟಿತು. ಪ್ರಯಾಣಿಕರಿಗೆ ಸೌತೆಕಾಯಿ ಮಾರುತ್ತಿದ್ದ ಅದರ ತಾಯಿ ಬುಟ್ಟಿ ಎಸೆದು ಬಂದಳು.

"ನೆಳ್ಳು ಅಂತ ನುಸುಳ್ಕಂಡ್ಬುಟ್ಟೈತೆ ಕಣಣ್ಣ. ಅದುಕ್ಕೆ ಕಿವಿ ಕೇಳಾಕಿಲ್ಲ, ಹುಟ್ಟಿದಾಗಿಂದ್ಲೂ ಕೇಳಾಕಿಲ್ಲ" ಎಂದು ಮಗುವನ್ನು ತಬ್ಬಿ ನನ್ನ ಕಾಲ ಬಳಿ ಕುಸಿದಳು. ನಾನೂ ಅಲ್ಲೇ ಮಣ್ಣಿನಲ್ಲಿ ಕೂತು ಅತ್ತೆ. ನಾಚಿಕೆಯಾಗಲಿಲ್ಲ.

ಇನ್ನೊಂದು ವಿಷಯ. ಮಗುವನ್ನು ಎಳೆದುಕೊಳ್ಳಲು ಮಲಗಿದಾಗ ನನ್ನ ಕಣ್ಣು ನೇರ ಸ್ಪ್ರಿಂಗ್ ಪಟ್ಟಿಗಳ ಮೇಲೆ ಬಿದ್ದಿತ್ತು. ಜನರ ಭಾರಕ್ಕೆ ಪಟ್ಟಿಗಳು ಬಗ್ಗಿ, ಅವು ಅಚ್ಚಿನ ಮೇಲೆ ಕೂರುವ ಜಾಗದಲ್ಲಿ ಒಂದು ಗೆರೆ ಬೆಳ್ಳಗೆ ಹೊಳೆಯುತ್ತಿತ್ತು. ಕಬ್ಬಿಣ ಕಬ್ಬಿಣಕ್ಕೆ ಉಜ್ಜಿದ ಗುರುತು. ಅಚ್ಚು ಹಿಂದೆ ಮುಂದೆ ಸರಿಯುತ್ತಿದೆ ಎಂದು ನೋಡಿದೊಡನೆ ಗೊತ್ತಾಯಿತು. ಜನರನ್ನೆಲ್ಲ ಇಳಿಸಿ, ಸಂಜೆಯ ಬಸ್ಸಿಗೆ ಕಾಯಲು ಹೇಳಿ, ಖಾಲಿ ಬಸ್ಸನ್ನು ನಡೆಯುವ ವೇಗದಲ್ಲಿ ಮಧುಗಿರಿಗೆ ತಂದೆ. ಶೆಡ್ಡಿನಲ್ಲಿ ಬಿಚ್ಚಿದಾಗ, ಪಟ್ಟಿಗಳ ನಡುವೆ ಹಾದು ಅವನ್ನು ಅಚ್ಚಿನ ಮೇಲೆ ಅಲ್ಲಾಡದಂತೆ ನಿಲ್ಲಿಸುವ ಬೋಲ್ಟು ಎರಡು ತುಂಡಾಗಿತ್ತು. ಜನ ಕೂತಿದ್ದಾಗ ನೋಡಬೇಕೆಂದು ಉಸ್ತಾದರು ಹಟ ಹಿಡಿದದ್ದು ಸುಮ್ಮನೆ ಅಲ್ಲ. ಆ ತುಂಡುಗಳನ್ನು ಸಾಹುಕಾರರ ಮೇಜಿನ ಮೇಲಿಟ್ಟೆ. ಅವರು ಹೊಸದಕ್ಕೆ ದುಡ್ಡು ಎಣಿಸಿಕೊಟ್ಟರು. ಹೊಸ ಬೋಲ್ಟು ಹಾಕಿದ ಮೇಲೆ ಆ ಸದ್ದು ಮತ್ತೆ ಬರಲಿಲ್ಲ.

ಪೆಟ್ಟಿನ ವಿಚಾರವನ್ನು ನಾನು ಬಿಡದೆ ಯೋಚಿಸಿದ್ದೇನೆ. ಮಗುವೇ ಕಲ್ಲಿನಿಂದ ಕುಟ್ಟಿತೆ? ಅದರ ಕೈ ಖಾಲಿಯಿತ್ತು, ನಾನು ಎಳೆದುಕೊಳ್ಳುವವರೆಗೆ ನಿದ್ದೆಯಿಂದ ಎದ್ದಿರಲಿಲ್ಲ. ರಂಗಣ್ಣ ತಗಡು ಬಡಿದನೆ? ಅವನು ಸೀಟಿ ಬಾಯಲ್ಲಿಟ್ಟು ನನ್ನ ಪಕ್ಕದಲ್ಲೇ ಇದ್ದ, ತನಗೇನೂ ಕೇಳಿಸಲಿಲ್ಲ ಎಂದ. ನನ್ನ ಭ್ರಮೆ ಎನ್ನೋಣವೆಂದರೆ ಹಿಂದಿನ ಸೀಟಿನಲ್ಲಿದ್ದ ಮುದುಕಿಯೊಬ್ಬಳು ಇಳಿಯುತ್ತ, "ನನ್ ಕಾಲಡೀಲೇ ಎರಡು ಏಟು ಬಿತ್ತಲ್ಲಪ್ಪ, ಯಾರೋ ರಿಪೇರಿ ಮಾಡ್ತಾವ್ರೆ ಅಂದ್ಕಂಡೆ" ಎಂದಿದ್ದಳು. ಮುರಿದ ಬೋಲ್ಟಿನದೇ ಸದ್ದು ಎಂದು ನನ್ನ ಅಣ್ಣ ವಾದಿಸುತ್ತಿದ್ದ. ಅದು ಬಸ್ಸು ಹೊರಟರೆ ಬರುವ ಸದ್ದು. ನಾನು ಕಾಲೆತ್ತಿರಲಿಲ್ಲ. ಹಟಕ್ಕೆ ಬಿದ್ದವರ ಮುಂದೆ, ಗೊತ್ತಿಲ್ಲದೆ ಕೂದಲೆಳೆಯಷ್ಟು ಎತ್ತಿರಬಹುದು ಎಂದು ಒಪ್ಪಿಕೊಂಡದ್ದೂ ಉಂಟು.

ಹಾಗೆ ಒಪ್ಪಿಕೊಂಡರೂ ಆಮೇಲೆ ನಡೆದದ್ದೊಂದು ಉಳಿಯುತ್ತದೆ. ಜನ ಇಳಿದ ಮೇಲೆ, ಮಗು ತಾಯಿಯ ಸೊಂಟ ಸೇರಿದ ಮೇಲೆ, ರಂಗಣ್ಣ ಮತ್ತೆ ಹ್ಯಾಂಡಲ್ ತಿರುವಿ ಎಂಜಿನ್ ಹಿಡಿಸಿ, ಬಸ್ಸಿನಡಿ ಎರಡು ಸಲ ಬಗ್ಗಿ ನೋಡಿ ಯಾರೂ ಇಲ್ಲವೆಂದು ಕೈ ಬೀಸಿದ. ನಾನು ಕ್ಲಚ್ ಒತ್ತಿ, ಗೇರು ಹಾಕಿ ಕೂತೆ. ಕಾಲೆತ್ತಲು ಆಗಲಿಲ್ಲ. ಎರಡು ಪೆಟ್ಟು ಹೊಡೆದವರು ಒಂದು ಹೊಡೆಯದೆ ನಾನೆಂದೂ ಬಸ್ಸು ಕದಲಿಸಿದವನಲ್ಲ. ಹೊರಗೆ ನಿಂತ ಜನ, ಇವನಿಗೇನಾಯಿತು ಎಂದು ನೋಡುತ್ತಿದ್ದರು. ಕಾದೆ. ಏನೂ ಕೇಳಿಸಲಿಲ್ಲ. ಕೊನೆಗೆ ಮನಸ್ಸಿನಲ್ಲೇ, "ಹೋಗ್ಲಾ ಉಸ್ತಾದ್ರೇ?" ಎಂದೆ.

ಕೆಳಗೆ ಒಂದು ಪೆಟ್ಟು ಬಿತ್ತು.

ಬಸ್ಸು ಖಾಲಿಯಿತ್ತು. ಖಾಲಿ ಬಸ್ಸಿನಲ್ಲಿ ಆ ಬೋಲ್ಟಿನ ಸದ್ದು ಅದುವರೆಗೆ ಒಮ್ಮೆಯೂ ಬಂದಿರಲಿಲ್ಲ. ನನ್ನ ಕಾಲು ಆಗಲೇ ಎದ್ದಿತ್ತೋ, ಪೆಟ್ಟು ಬಿದ್ದ ಮೇಲೆ ಎದ್ದಿತೋ, ಎಷ್ಟು ಸಲ ನೆನೆದುಕೊಂಡರೂ ನನಗೆ ತಿಳಿಯುವುದಿಲ್ಲ. ಬಸ್ಸು ಮಾತ್ರ ಹೊರಟಿತ್ತು.