ಉರಿ ಮೆಣಸಿನಕಾಯಿಯದ್ದಲ್ಲ

ಅವ್ವನ ಬಾಯಿಂದ ಒಣಮೆಣಸಿನಕಾಯಿ ತೆಗೆಯಲು ಹೋಗಿ ಬಲಗೈಯ ತೋರುಬೆರಳು ಕಚ್ಚಿಸಿಕೊಂಡೆ.

ಡಿಮೆನ್ಶಿಯಾ ಶುರುವಾದ ಮೇಲೆ ಅವ್ವ ಬ್ಯಾಡಗಿಯಲ್ಲಿ ನನ್ನ ಮನೆಯಲ್ಲೇ ಇದ್ದಾಳೆ. ಮೆಣಸಿನಕಾಯಿ ತೊಟ್ಟು ಬಿಡಿಸುವುದರಲ್ಲಿ ಒಂದು ಕಾಲಕ್ಕೆ ಓಣಿಗೇ ಚುರುಕು ಕೈ ಅವಳದು. ಕೈಗೆ ಕೆಲಸವಿದ್ದರೆ ಸಮಾಧಾನದಿಂದ ಇರುತ್ತಾಳೆಂದು ಮೊರದಲ್ಲಿ ಒಂದಿಷ್ಟು ಕಾಯಿ ಹಾಕಿ ಮುಂದಿಡುತ್ತಿದ್ದೆ. ಆ ದಿನ ಬಾಯಿಗೇ ಹಾಕಿಕೊಂಡಳು. ಖಾರ ನೆತ್ತಿಗೇರಿತು. ಗಾಬರಿಯಾಗಿ ಬೆರಳು ತೂರಿಸಿದೆ. ಅವಳೂ ಗಾಬರಿಯಾದಳು. ನಮ್ಮ ಯಜಮಾನರು ಓಡಿಬಂದು ಬಿಡಿಸಬೇಕಾಯಿತು.

"ಯಾರ ಮುಂದೂ ಹೇಳಬ್ಯಾಡ್ರಿ," ಎಂದು ಅವರಿಂದ ಮಾತು ತೆಗೆದುಕೊಂಡೆ. ಕಚ್ಚುವ ಮುದುಕಿ ಎಂದು ಹೆಸರಾದರೆ, ಎಲ್ಲಾದರೂ ಬಿಟ್ಟು ಬನ್ನಿ ಎನ್ನುವವರು ನಮ್ಮ ಬಂಧುಗಳಲ್ಲೇ ಇದ್ದರು.

ಗೆಣ್ಣಿನ ಮೇಲೆ ಎರಡು ಸಣ್ಣ ಗಾಯ. ಸೋಪು ಹಚ್ಚಿ ತೊಳೆಯಲೂ ಇಲ್ಲ, ಕೊಬ್ಬರಿ ಎಣ್ಣೆ ಸವರಿದೆ. ಕೆಂಪಾಯಿತು, ಉರಿಯಿತು. ಸುಗ್ಗಿಯಲ್ಲಿ ನಮ್ಮೂರಲ್ಲಿ ಯಾರ ಕೈ ಉರಿಯುವುದಿಲ್ಲ? ಕಾಯಿಯ ಖಾರವೆಂದುಕೊಂಡೆ. ಮೂರನೆಯ ದಿನ ರೊಟ್ಟಿ ಬಡಿಯಲು ಕೂತರೆ ಅಂಗೈ ತನಕ ಬಾವು. ಮೈಯೆಲ್ಲ ಚಳಿಜ್ವರ.

ಹಾವೇರಿಯ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೈ ತಿರುಗಿಸಿ ನೋಡಿದರು.

"ಏನಾತು?"

"ಮೆಣಸಿನಕಾಯಿ ಉರೀರಿ."

"ಇವು ಹಲ್ಲಿನ ಗುರುತು. ಖರೇ ಹೇಳ್ರಿ, ಯಾರು ಕಚ್ಚ್ಯಾರ?"

ಕೇಳಿದ್ದು ನನ್ನನ್ನು. ನೋಡಿದ್ದು ನಮ್ಮ ಮನೆಯವರನ್ನು.

ಅವರು ತಲೆ ತಗ್ಗಿಸಿ ನಿಂತರು. ನರ್ಸ್ ದುರುಗುಟ್ಟಿ ನೋಡುತ್ತಿದ್ದರೂ ತುಟಿ ಬಿಚ್ಚಲಿಲ್ಲ. ನನಗೆ ಕೊಟ್ಟ ಮಾತಿಗಾಗಿ ಹೆಂಡತಿಯನ್ನು ಕಚ್ಚಿದವನೆನಿಸಿಕೊಳ್ಳಲೂ ಆ ಮನುಷ್ಯ ತಯಾರಾಗಿದ್ದರು.

"ನಮ್ಮವ್ವರಿ. ಆಕಿಗೆ ತಿಳಿವಳಿಕಿ ಇಲ್ಲರಿ," ಎಂದು ಅತ್ತುಬಿಟ್ಟೆ.

"ಅವತ್ತ ಬಂದಿದ್ರ ಗುಳಿಗ್ಯಾಗ ಮುಗೀತಿತ್ತು. ಮನಷ್ಯಾರ ಬಾಯಾಗಿನ ನಂಜು ಸಣ್ಣದಲ್ಲವ್ವಾ."

ಕೀವು ಕೀಲಿನೊಳಗೆ ಇಳಿದಿತ್ತು. ಬೆರಳು ಉಳಿಯುವ ಭರವಸೆ ಕೊಡಲಿಲ್ಲ. ಆಪರೇಷನ್ ಥಿಯೇಟರಿನಲ್ಲಿ ಗಾಯ ತೆರೆದು ತೊಳೆದು, ಹೊಲಿಗೆ ಹಾಕದೆ ಬಿಟ್ಟರು. ಟಿಟಿ, ದಿನವೂ ಐವಿ ಆಂಟಿಬಯಾಟಿಕ್. ಹೆಪಟೈಟಿಸ್, ಎಚ್‌ಐವಿ ಟೆಸ್ಟಿಗೆಂದು ಅವ್ವನ ರಕ್ತವನ್ನೂ ತೆಗೆದರು. ಹೆತ್ತವಳ ರಕ್ತದ ರಿಪೋರ್ಟಿಗೆ ಹೆದರಿ ಕೂತ ನನ್ನ ಬಗ್ಗೆ ನನಗೇ ನಾಚಿಕೆಯಾಯಿತು. ಅದರಲ್ಲಿ ಏನೂ ಇರಲಿಲ್ಲ.

ಬೆರಳು ಉಳಿಯಿತು. ಮಡಚಲು ಮಾತ್ರ ಬರುವುದಿಲ್ಲ. ಈಗ ರೊಟ್ಟಿ ಬಡಿಯುವವರು ನಮ್ಮ ಮನೆಯವರು. ಒಂದೂ ದುಂಡಗಿರುವುದಿಲ್ಲ, ನಾನು ಆಡಿಕೊಂಡರೂ ಬಿಡದೆ ಬಡಿಯುತ್ತಾರೆ.

ಮೊನ್ನೆ ಅವ್ವ ನನ್ನ ಕೈ ಎತ್ತಿ ನೋಡಿದಳು. ಗಾಯದ ಗುರುತನ್ನು ಬೆರಳಿನಿಂದ ಸವರಿದಳು.

"ಏನಬೇ ಇದು?"

"ಯಾರೋ ಕಚ್ಚಿದ್ರು."

ಅವಳ ಕಣ್ಣು ತುಂಬಿದವು. "ನನ್ನ ಮಗಳನ್ನ ಕಚ್ಚಿದವ್ರ ಬಾಯಾಗ ಹುಳಾ ಬೀಳ್ಲಿ..."

"ಹಂಗನಬ್ಯಾಡಬೇ," ಎನ್ನುತ್ತಾ ಅದೇ ಕೈಯಿಂದ ಅವಳ ಬಾಯಿ ಮುಚ್ಚಿದೆ. ಮುಚ್ಚಿದ ಮೇಲೆ ಆ ಹಲ್ಲು ನೆನಪಾಯಿತು.

ಕಚ್ಚಲಿಲ್ಲ. ನನ್ನ ಅಂಗೈಯೊಳಗೇ ಬಿಕ್ಕಿ ಬಿಕ್ಕಿ ಅತ್ತಳು.